ಎಡಿಸನ್ನನ ಭವಿಷ್ಯವಾಣಿಯೂ ಪಠ್ಯಪುಸ್ತಕವೂ

ಧ್ವನಿಮುದ್ರಣ ಯಂತ್ರವನ್ನು ನಿರ್ಮಿಸಿ, ವಿದ್ಯುದ್ದೀಪವನ್ನು ಬಳಕೆಗೆ ತಂದ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ 1913ರಲ್ಲಿ ಒಂದು ಭವಿಷ್ಯ ನುಡಿದನು. ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುವವು. ಜ್ಞಾನದ ಪ್ರತಿಯೊಂದು ಶಾಖೆಯನ್ನೂ ಚಲಚ್ಚಿತ್ರದಿಂದ ಕಲಿಸಬಹುದು. ಹತ್ತು ವರ್ಷಗಳೊಳಗೆ ಶಾಲಾವ್ಯವಸ್ಥೆಯು ಸಂಪೂರ್ಣವಾಗಿ ಬದಲಾಗುವುದು ಎಂಬುದು ಅದರ ತಾತ್ಪರ್ಯ. ಗಡುವು ಮುಗಿಯುತ್ತ ಬಂದ 1922ರಲ್ಲಿಯೂ ಆತನ ನಂಬಿಕೆ ಸಡಿಲಲಿಲ್ಲ. ಪಠ್ಯಪುಸ್ತಕದಿಂದ ದೊರೆಯುವ ಫಲವು ಶೇಕಡಾ 2 ಮಾತ್ರವೆಂದೂ, ಚಲಚ್ಚಿತ್ರದಿಂದ ಶೇಕಡಾ 100 ದೊರೆಯಬಲ್ಲದೆಂದೂ ಹೇಳಿದನು. ಈ ಅಂಕಿಗಳನ್ನು ಯಾವ ತಕ್ಕಡಿಯಲ್ಲಿ ತೂಗಿದನೋ!

ಚಲಚ್ಚಿತ್ರವು ಎಡಿಸನ್ನನ ವ್ಯಾಪಾರವೂ ಆಗಿದ್ದಿತು. ಆದರೆ ತನ್ನ ಸರಕನ್ನು ತಾನೇ ಹೊಗಳಿಕೊಂಡನೆಂದು ಈ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಬೀಜವು ಮೊಳೆಯುವುದನ್ನು, ಕೀಟವು ರೂಪ ಬದಲಿಸುವುದನ್ನು ಮಾತಿಗಿಂತ ಚೆನ್ನಾಗಿ ಚಿತ್ರವು ತೋರಿಸಬಲ್ಲದೆಂಬುದನ್ನು ಆತನು ಸರಿಯಾಗಿಯೇ ಕಂಡಿದ್ದನು. ತೋರಿಸುವುದೇ ಕಲಿಸುವುದೆಂದು ಭಾವಿಸಿದ್ದು ತಪ್ಪಾಯಿತು. ತಿಳಿಯದ ಸಾಲನ್ನು ಮಗುವು ಪುಸ್ತಕದಲ್ಲಿ ಮತ್ತೆ ಓದಬಹುದು; ಓಡುವ ಚಿತ್ರವು ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ಶಾಲೆಯಲ್ಲಿ ಕೆಲವೇ ತಿಂಗಳು ಕುಳಿತಿದ್ದ ಎಡಿಸನ್ನನಿಗೆ ವಿದ್ಯೆ ದೊರೆತದ್ದು, ಹಿಂದೆ ಉಪಾಧ್ಯಾಯಿನಿಯಾಗಿದ್ದ ತಾಯಿಯಿಂದ ಮತ್ತು ಪುಸ್ತಕಗಳಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

ಇತರ ಅಡಚಣೆಗಳು ಲೌಕಿಕವಾದವು. ಯಂತ್ರವೂ ಸುರುಳಿಗಳೂ ದುಬಾರಿ. ಅಂದಿನ ನೈಟ್ರೇಟ್ ಸುರುಳಿಗೆ ಬೆಂಕಿಯ ಭಯ. ಪಾಠಕ್ಕೆ ತಕ್ಕ ಚಿತ್ರವು ತಕ್ಕ ದಿನ ಕೈಸೇರುವುದು ಅಪರೂಪ. ಯಂತ್ರವನ್ನು ದಾನವಾಗಿ ಕೊಡುವ ಪುಣ್ಯಾತ್ಮರು ಎಲ್ಲ ದೇಶಗಳಲ್ಲಿಯೂ ಸಿಗುತ್ತಾರೆ; ದುರಸ್ತಿಯ ವೆಚ್ಚ ಕೊಡುವವರು ವಿರಳ. ಮುಂದೆ ರೇಡಿಯೋ ಬಂದಾಗಲೂ ಇಂತಹ ನಿರೀಕ್ಷೆಗಳೇ ಕೇಳಿಬಂದವು.

ದೂರದರ್ಶನದ ಸರದಿಯಲ್ಲಿ ಕರ್ನಾಟಕವೂ ಪಾಲ್ಗೊಂಡಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಪ್ರಸಾರವಾದವು. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅವುಗಳಲ್ಲಿ ಸೇರಿದ್ದವು. ಬೆಳಿಗ್ಗೆ ಮಕ್ಕಳಿಗಾಗಿ ಸುಮಾರು 22 ನಿಮಿಷಗಳ ಕಾರ್ಯಕ್ರಮವಿರುತ್ತಿತ್ತು. ಈ ಯೋಜನೆಯವರು ಎಡಿಸನ್ನನಂತೆ ಪುಸ್ತಕವನ್ನು ಹೊರದೂಡಲು ಹೊರಡಲಿಲ್ಲ. ಉಪಾಧ್ಯಾಯರ ತರಬೇತಿಗೂ ಅದೇ ಉಪಗ್ರಹವನ್ನು ಬಳಸಿಕೊಂಡರು. ವರ್ಷ ತುಂಬಿದ ಮೇಲೆ ಅಮೆರಿಕವು ಉಪಗ್ರಹವನ್ನು ತನ್ನತ್ತ ಸರಿಸಿಕೊಂಡಿತು. ತರಬೇತಿ ಪಡೆದ ಉಪಾಧ್ಯಾಯರು ತಮ್ಮ ಹಳ್ಳಿಗಳಲ್ಲಿಯೇ ಉಳಿದರು.