ಸಂಧಿಯೂ ನ್ಯಾಯವೂ

‘ಸಂಧಿ’ ಎಂಬ ಶಬ್ದವು ವ್ಯಾಕರಣಕ್ಕೂ ರಾಜನೀತಿಗೂ ಸಮಾನವಾದುದು. ಅಕ್ಷರಗಳು ಕೂಡುವುದೂ ಸಂಧಿ, ಕಾದಾಡಿದವರು ಕೂಡುವುದೂ ಸಂಧಿ. ಲೋಪಸಂಧಿಯಲ್ಲಿ ಪೂರ್ವಸ್ವರವು ಬಿಟ್ಟುಹೋಗುವುದಾದರೂ ಅರ್ಥವು ಕೆಡಬಾರದೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಅಂತರ್ಯುದ್ಧದಿಂದ ನೊಂದ ನಾಡು ಶಾಂತಿಗಾಗಿ ಏನನ್ನು ಬಿಟ್ಟುಕೊಡಬಹುದು, ಏನನ್ನು ಬಿಡಲಾಗದು ಎಂಬ ಜಿಜ್ಞಾಸೆಗೆ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ ವೃತ್ತಾಂತವು ಉತ್ತಮ ನಿದರ್ಶನವಾಗಿದೆ.

1991ರಲ್ಲಿ ಅಲ್ಲಿ ಹೊತ್ತಿಕೊಂಡ ಯುದ್ಧವು 2002ರ ಜನವರಿಯಲ್ಲಿ ಮುಗಿಯಿತು. ಆ ಅವಧಿಯಲ್ಲಿ ನಿರಪರಾಧಿಗಳ ಕೈಗಳನ್ನು ಕಡಿದರು. ಬಾಲಕರಿಗೆ ಬಂದೂಕು ಹೊರಿಸಿದರು. ಸ್ತ್ರೀಯರನ್ನು ಬಲಾತ್ಕಾರದಿಂದ ಒಯ್ದು ‘ಪತ್ನಿ’ಯರೆಂದು ಕರೆದರು. 1999ರ ಜುಲೈ 7ರಂದು ಟೋಗೋ ದೇಶದ ಲೋಮೆ ನಗರದಲ್ಲಿ ಆದ ಒಪ್ಪಂದವು ಶಸ್ತ್ರಧಾರಿಗಳೆಲ್ಲರಿಗೂ ಕ್ಷಮಾದಾನವನ್ನಿತ್ತುದಲ್ಲದೆ, ದಂಗೆಯ ನಾಯಕ ಫೋಡೆ ಸಂಕೋನಿಗೆ ಉನ್ನತ ಪದವಿಯನ್ನೂ ನೀಡಿತು. ಘೋರಾಪರಾಧಗಳಿಗೆ ಈ ಕ್ಷಮೆಯು ಅನ್ವಯಿಸದೆಂದು ವಿಶ್ವಸಂಸ್ಥೆಯ ಪ್ರತಿನಿಧಿಯು ಸಹಿಯೊಡನೆ ಷರಾ ಬರೆದರು. ನೊಂದವರನ್ನು ಮರೆತ ಆ ಸಂಧಿಯು ಬಾಳಲಿಲ್ಲ. 2000ದ ಮೇ ತಿಂಗಳಿನಲ್ಲಿ ಕಾದಾಟವು ಮರುಕಳಿಸಿತು.

ತರುವಾಯ ಎರಡು ಸಂಸ್ಥೆಗಳು ಜೊತೆಜೊತೆಯಾಗಿ ಕಾರ್ಯಮಾಡಿದವು. ದಂಡಿಸುವ ಅಧಿಕಾರವಿಲ್ಲದ ಸತ್ಯ ಮತ್ತು ಸಾಮರಸ್ಯ ಆಯೋಗವು 7,000ಕ್ಕೂ ಮಿಕ್ಕ ಹೇಳಿಕೆಗಳನ್ನು ಸಂಗ್ರಹಿಸಿ 2004ರಲ್ಲಿ ವರದಿಯನ್ನೊಪ್ಪಿಸಿತು. ವಿಶ್ವಸಂಸ್ಥೆಯೂ ಆ ದೇಶದ ಸರ್ಕಾರವೂ ಕೂಡಿ ಸ್ಥಾಪಿಸಿದ ವಿಶೇಷ ನ್ಯಾಯಾಲಯವು ಅತ್ಯಧಿಕ ಹೊಣೆ ಹೊತ್ತವರನ್ನು ವಿಚಾರಣೆಗೆ ಗುರಿಪಡಿಸಿತು. ಸಂಕೋ 2003ರಲ್ಲಿ ತೀರ್ಪಿಗೆ ಮುನ್ನವೇ ಬಂಧನದಲ್ಲಿ ಮೃತನಾದನು. ದಂಗೆಕೋರರಿಗೆ ನೆರವಿತ್ತ ನೆರೆಯ ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರನಿಗೆ 2012ರಲ್ಲಿ 50 ವರ್ಷಗಳ ಸೆರೆವಾಸವನ್ನು ವಿಧಿಸಲಾಯಿತು. ಸರ್ಕಾರದ ಪರವಾಗಿ ಹೋರಾಡಿ ಅನೇಕರಿಂದ ವೀರರೆನಿಸಿಕೊಂಡ ಪಡೆಯ ಮುಖಂಡರಿಬ್ಬರನ್ನೂ 2007ರಲ್ಲಿ ಅದೇ ನ್ಯಾಯಾಲಯವು ದೋಷಿಗಳೆಂದು ಸಾರಿದುದು ವಿಶೇಷವಾಗಿ ಗಮನಾರ್ಹ. ತನ್ನವರ ತಪ್ಪನ್ನು ತೂಗದ ತಕ್ಕಡಿಯು ನ್ಯಾಯದ ತಕ್ಕಡಿಯಲ್ಲ.

ಆದರೂ ಒಂದು ಋಣವು ಪೂರ್ಣವಾಗಿ ತೀರಲಿಲ್ಲ. ಕೈ ಕಳೆದುಕೊಂಡವರಿಗೆ ಮಾಸಾಶನವನ್ನೂ ಉಚಿತ ಚಿಕಿತ್ಸೆಯನ್ನೂ ಕೊಡಬೇಕೆಂದು ಆಯೋಗವು ಸೂಚಿಸಿತ್ತು. 2009ರಿಂದ ಪರಿಹಾರಕಾರ್ಯವು ಆರಂಭಗೊಂಡರೂ ಬಹುಮಂದಿಗೆ ದೊರೆತುದು ಅಲ್ಪಧನ ಮಾತ್ರ. ಉಳಲು ಕೈಯಿಲ್ಲದವನಿಗೆ ತೀರ್ಪೊಂದೇ ಅನ್ನವಾಗದು.

ಇದರಿಂದ ತಿಳಿಯಬೇಕಾದುದಿಷ್ಟು: ದ್ವೇಷವು ಲೋಪವಾಗಲಿ, ಪ್ರತೀಕಾರಬುದ್ಧಿಯು ಲೋಪವಾಗಲಿ, ಸತ್ಯವೂ ಹೊಣೆಗಾರಿಕೆಯೂ ಲೋಪವಾದರೆ ಸಂಧಿಯ ಅರ್ಥವೇ ಕೆಡುವುದು. ಕ್ಷಮಿಸುವ ಅಧಿಕಾರವು ನೊಂದವನದು. ಅವನನ್ನು ಕೇಳದೆ ಅವನ ಪರವಾಗಿ ಆಳುವವರು ಕ್ಷಮೆಯನ್ನು ದಾನಮಾಡಲಾಗದು. ಇತಿಹಾಸವನ್ನು ಬೋಧಿಸುವ ಉಪಾಧ್ಯಾಯರು ಒಪ್ಪಂದಗಳ ತಾರೀಖುಗಳೊಡನೆ ಈ ವಿವೇಕವನ್ನೂ ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟರೆ ಪಾಠವು ಸಾರ್ಥಕವಾಗುವುದು.