ಅಧ್ಯಾಪಕನ ಕಲಿಕೆ

ಪದವಿ ದೊರೆತೊಡನೆ ಕಲಿಕೆ ಮುಗಿಯಿತು, ಹುದ್ದೆ ದೊರೆತೊಡನೆ ಕಲಿಸುವಿಕೆ ಆರಂಭವಾಯಿತು ಎಂಬ ಎಣಿಕೆ ಶಿಕ್ಷಣ ಕ್ಷೇತ್ರದಲ್ಲಿ ಬೇರೂರಿದೆ. ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಈ ಎಣಿಕೆ ಬಹುಬೇಗ ಸೋಲುತ್ತದೆ.

‘ಶಿಕ್ಷೆ’ ಎಂಬ ಪದವನ್ನೇ ಗಮನಿಸಬಹುದು. ಇಂದಿನ ಕನ್ನಡದಲ್ಲಿ ಅದಕ್ಕೆ ದಂಡನೆ ಎಂಬ ಅರ್ಥವೇ ಪ್ರಧಾನ. ಮರಾಠಿಯಲ್ಲಿಯೂ ತೆಲುಗಿನಲ್ಲಿಯೂ ಹಾಗೆಯೇ. ಹಿಂದಿಯಲ್ಲಿಯಾದರೋ ಅದಕ್ಕೆ ವಿದ್ಯಾಭ್ಯಾಸವೆಂದರ್ಥ. ದಿಲ್ಲಿಯಲ್ಲಿ ಹಿಂದಿಯನ್ನು ಕೇಳುತ್ತ ಬೆಳೆದ ವಿದ್ಯಾರ್ಥಿ ಕನ್ನಡ ಪ್ರಬಂಧದಲ್ಲಿ ‘ಉನ್ನತ ಶಿಕ್ಷೆ’ ಎಂದು ಬರೆದರೆ ಅದನ್ನು ತಿದ್ದಲೇಬೇಕು. ಆದರೆ ಅವನು ಕಾರಣ ಕೇಳಿದಾಗ “ಕನ್ನಡದಲ್ಲಿ ಹಾಗಿಲ್ಲ” ಎಂಬಷ್ಟಕ್ಕೆ ಅಧ್ಯಾಪಕನ ಹೊಣೆ ಮುಗಿಯದು. ಸಂಸ್ಕೃತದ ‘ಶಕ್’ ಧಾತುವಿನ ಇಚ್ಛಾರ್ಥಕ ರೂಪದಿಂದ ಬಂದ ಈ ಪದದ ಮೂಲದಲ್ಲಿ ಸಮರ್ಥನಾಗಬೇಕೆಂಬ ಬಯಕೆಯಿದೆ. ವೇದಾಂಗಗಳಲ್ಲಿ ಉಚ್ಚಾರಣಶಾಸ್ತ್ರಕ್ಕೆ ಇದೇ ಹೆಸರು. ಕನ್ನಡದ ‘ಶಿಕ್ಷಣ’, ‘ಶಿಕ್ಷಕ’ಗಳಲ್ಲಿ ಕಲಿಕೆಯ ಅರ್ಥ ಇಂದಿಗೂ ಉಳಿದಿದೆ. ವಿದ್ಯಾರ್ಥಿಯ ತಪ್ಪಿನ ಹಿಂದೆ ಪದವೊಂದರ ಚರಿತ್ರೆಯೇ ಇದೆ. ಅದನ್ನು ಅರಿಯಲು ಅಧ್ಯಾಪಕನು ಮತ್ತೆ ನಿಘಂಟನ್ನು ತೆರೆಯಬೇಕಾಗುತ್ತದೆ.

ಈ ಮಾರ್ಗಕ್ಕೆ ಪ್ರೊ. ಜಿ. ವೆಂಕಟಸುಬ್ಬಯ್ಯನವರ (1913–2021) ಬದುಕು ಒಳ್ಳೆಯ ನಿದರ್ಶನ. ಕಾಲೇಜು ಅಧ್ಯಾಪಕರಾಗಿದ್ದ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದರು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆಯ್ದು ಅರ್ಥವನ್ನು ನಿರ್ಣಯಿಸುವುದು ಆ ನಿಘಂಟಿನ ಕ್ರಮ. 1991ರಲ್ಲಿ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಅವರು ಆರಂಭಿಸಿದರು. ಪದಗಳನ್ನು ಕುರಿತು ಓದುಗರು ಕೇಳಿದ ಪ್ರಶ್ನೆಗಳೇ ಅದರ ಆಧಾರ. ಏನನ್ನು ಹುಡುಕಬೇಕೆಂದು ಅಲ್ಲಿ ಸೂಚಿಸಿದವನು ಓದುಗ. ಹುಡುಕುವ ಶ್ರಮ ವಿದ್ವಾಂಸರದು.

ಅಧ್ಯಾಪನಕ್ಕೆ ಇದರಿಂದ ಒಂದು ತತ್ತ್ವ ದೊರೆಯುತ್ತದೆ. ಉತ್ತರ ತಿಳಿಯದ ಪ್ರಶ್ನೆ ಎದುರಾದಾಗ “ನೋಡಿ ಹೇಳುತ್ತೇನೆ” ಎಂದರೆ ಅಧ್ಯಾಪಕನ ಘನತೆ ಕುಂದದು. ಹಾಗೆಂದು ಹೇಳಿ ನೋಡದೆ ಉಳಿದರೆ ಕುಂದುತ್ತದೆ. ಹಲವು ಭಾಷೆಗಳ ನಡುವೆ ಕನ್ನಡವನ್ನು ಆರಿಸಿಕೊಂಡು ಬಂದ ವಿದ್ಯಾರ್ಥಿಯ ಸಂದೇಹವನ್ನು ತಳ್ಳಿಹಾಕಿದರೆ, ಒಂದು ಪದದ ಅರ್ಥದೊಡನೆ ಕನ್ನಡದಲ್ಲಿ ಪ್ರಶ್ನಿಸುವ ಧೈರ್ಯವನ್ನೂ ಅವನು ಕಳೆದುಕೊಳ್ಳುತ್ತಾನೆ. ಮನೆಯ ಹೊರಗೆ ಕನ್ನಡ ಕಿವಿಗೆ ಬೀಳುವುದೇ ಅಪರೂಪವಾದ ಊರುಗಳಲ್ಲಿ ಆ ಧೈರ್ಯವನ್ನು ಉಳಿಸಬಲ್ಲ ತಾಣ ತರಗತಿಯೊಂದೇ. ಹಿಂದಿನ ದಿನದ ಪ್ರಶ್ನೆಗೆ ನಿಘಂಟಿನಿಂದ ಉತ್ತರವನ್ನು ಬರೆದುಕೊಂಡು ಬರುವ ಅಧ್ಯಾಪಕನು, ಆ ದಿನದ ಪಾಠವನ್ನು ಆರಂಭಿಸುವ ಮುನ್ನವೇ, ಕಲಿಯುವ ಬಗೆ ಯಾವುದೆಂಬುದನ್ನು ಕಲಿಸಿರುತ್ತಾನೆ.