ನಿಮ್ಮ ಪರೀಕ್ಷೆಯಲ್ಲಿ ಭದ್ರತಾ ಸಂಧಾನ ನಡೆದೇ ಇಲ್ಲವಲ್ಲ!

ನೀವು ಎನ್‌ಎಫ್‌ಎಸ್ 4 ಮೌಂಟ್ ಮಾಡುವಾಗಲೇ ‘ಸೆಕ್=ಕೆಆರ್‌ಬಿ5ಪಿ’ ಎಂದು ಬರೆದುಬಿಟ್ಟಿದ್ದೀರಿ. ಕ್ಲೈಂಟ್‌ಗೆ ಆರಿಸಿಕೊಳ್ಳಲು ಏನೂ ಉಳಿಯಲಿಲ್ಲ. ಕೇಳಿದಷ್ಟು ದುಡ್ಡು ಕೊಟ್ಟು ಬಂದು ಚೌಕಾಸಿ ಮಾಡಿದೆ ಎಂದ ಹಾಗಾಯಿತು. ಪರೀಕ್ಷೆಗೊಳಗಾದದ್ದು ಕೆರ್ಬರೋಸ್, ಭದ್ರತಾ ಸಂಧಾನವಲ್ಲ.

ಆ ಆಯ್ಕೆ ತೆಗೆಯಿರಿ. ಸರ್ವರಿನಲ್ಲಿ ಮೇಲಿನ ಡೈರೆಕ್ಟರಿ ‘ಸಿಸ್’ ಭದ್ರತೆಯಲ್ಲೇ ಇರಲಿ. ಅದರೊಳಗೆ ಬೇರೊಂದು ಫೈಲ್ ಸಿಸ್ಟಮ್ ಕೂರಿಸಿ, ಕೆಆರ್‌ಬಿ5ಪಿಗೆ ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಕ್ಲೈಂಟಿನಲ್ಲಿ ಜಿಎಸ್‌ಎಸ್‌ಡಿ ಓಡುತ್ತಿರಬೇಕು, ಇದನ್ನು ಮರೆಯುವವರೇ ಹೆಚ್ಚು. ಈಗ ವೈರ್‌ಶಾರ್ಕ್ ತೆರೆದಿಟ್ಟು ಒಳಗಿನ ಡೈರೆಕ್ಟರಿಗೆ ಹೋಗಿ. ಲುಕಪ್‌ಗೆ ‘ರಾಂಗ್‌ಸೆಕ್’ ದೋಷ, ಬೆನ್ನಿಗೇ ಕ್ಲೈಂಟಿನ ‘ಸೆಕ್‌ಇನ್ಫೋ’ ಪ್ರಶ್ನೆ, ಸರ್ವರ್ ಕೊಡುವ ಭದ್ರತೆಗಳ ಪಟ್ಟಿ, ಆಮೇಲೆ ಹೊಸ ಭದ್ರತೆಯಲ್ಲಿ ಎನ್‌ಕ್ರಿಪ್ಟ್ ಆದ ಮರುಕರೆ: ಇಷ್ಟು ಕಂಡರೆ ಸಂಧಾನ ನಡೆದಿದೆ. ಒಳಗಿನ ಮೌಂಟಿಗೆ ಕೊನೆಗೆ ಯಾವುದು ಸಿಕ್ಕಿತೆಂದು ‘ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ’ ಹೇಳುತ್ತದೆ.

ನನಗೆ ಹೆಚ್ಚು ಮುಖ್ಯ ಅನಿಸುವುದು ಸೋಲಬೇಕಾದ ಪರೀಕ್ಷೆ. ಕೆರ್ಬರೋಸ್ ಟಿಕೆಟ್ ಇಲ್ಲದವರಿಗೆ ‘ಪರ್ಮಿಷನ್ ಡಿನೈಡ್’ ಬರಲೇಬೇಕು. ಕ್ಲೈಂಟ್ ಸದ್ದಿಲ್ಲದೆ ‘ಸಿಸ್’ಗೆ ಇಳಿದು ಫೈಲ್ ತೆರೆದರೆ ಅದು ದೊಡ್ಡ ದೋಷ. ಈ ಪರೀಕ್ಷೆಗೆ ಟಿಕೆಟ್ ಅಳಿಸುವ ‘ಕೆಡಿಸ್ಟ್ರಾಯ್’ ಒಂದನ್ನೇ ನಂಬಬೇಡಿ. ಹಳೆಯ ಜಿಎಸ್‌ಎಸ್ ಕಾಂಟೆಕ್ಸ್ಟ್ ಕರ್ನಲ್‌ನಲ್ಲಿ ಉಳಿದು ಒಳಗೆ ಬಿಡಬಹುದು. ಟಿಕೆಟ್ಟನ್ನೇ ಪಡೆಯದ ಹೊಸ ಬಳಕೆದಾರರ ಹೆಸರಲ್ಲಿ ಲಾಗಿನ್ ಆಗಿ ನೋಡಿ.